ನೀರಿಗೆ ಬಂದವಳು

‘ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ’ ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಹೊಸದಾಗಿ ಮದುವೆಯಾಗಿ ಬಂದವಳನ್ನು ನೋಡಲು ಯಾಕೆ ಅವಸರ, ಕೊಡ ಹಿಡಿದು ಬಾವಿಗೋ ನಲ್ಲಿಗೋ ಬಂದೇ ಬರುತ್ತಾಳೆ, ಆಗ ನೋಡಿದರಾಯಿತು ಎಂದು ಅರ್ಥ. ಹೆಂಗಸು ನೀರಿಗೆ ಬರುವುದು ನೀರು ಹೊರುವುದಕ್ಕೇ ಎಂಬುದರಲ್ಲಿ ಈ ಗಾದೆ ಕಟ್ಟಿದವರಿಗೆ ಯಾವ ಸಂಶಯವೂ ಇರಲಿಲ್ಲ. ನಮ್ಮ ಚಿತ್ರದುರ್ಗದ ಓಬವ್ವನ ಕತೆಯನ್ನೇ ನೋಡಿ. ಗಂಡ ಊಟಕ್ಕೆ ಕೂತಿದ್ದ, ಈಕೆ ಕುಡಿಯುವ ನೀರು ತರಲು ಹೊರಗೆ ಬಂದಿದ್ದಳು, ಆಗ ಕಿಂಡಿಯಲ್ಲಿ ಹೈದರಾಲಿಯ ಸಿಪಾಯಿಗಳು ನುಸುಳುವುದು ಕಣ್ಣಿಗೆ ಬಿತ್ತು. ಒನಕೆಯ ಮಾತು ಎಲ್ಲರೂ ಆಡುತ್ತಾರೆ, ಕೊಡದ ಮಾತು ಯಾರೂ ಆಡುವುದಿಲ್ಲ. ಅದೇ ಕೋಟೆಯಲ್ಲಿ ಅಕ್ಕ-ತಂಗಿಯರ ಹೊಂಡವಿದೆ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿದಾಗ ನಾಯಕರ ಮನೆಯ ಹೆಂಗಸರಿಬ್ಬರು ಅದಕ್ಕೆ ಹಾರಿಕೊಂಡರೆಂದು ಕತೆ ಹೇಳುತ್ತಾರೆ. ಅಂತೂ ನಮ್ಮ ಕಡೆಯ ಹೆಂಗಸಿಗೂ ನೀರಿಗೂ ಇರುವ ಸಂಬಂಧ ಎರಡೇ ಬಗೆಯದು: ಒಂದೋ ಹೊರಬೇಕು, ಇಲ್ಲವೇ ಹಾರಬೇಕು. ನೀರೊಳಗೆ ಏನಿದೆಯೆಂದು ನೋಡಿಕೊಂಡು ಬರಲು ಇಳಿಯುವುದು ಎಂಬ ಮೂರನೆಯ ಬಗೆಯೊಂದಿದೆ ಎಂದು ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಹೇಳಿದಾಗ ಗೆಳತಿಯರು ನನ್ನ ಹಣೆ ಮುಟ್ಟಿ ಜ್ವರ ನೋಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಗೆಳತಿಯರೆಂದರೆ ಹನ್ನೊಂದು ಜನ. ದುರ್ಗದಲ್ಲಿ ಕಾಲೇಜು ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದವರು. ಒಂದೊಂದು ಹೆಸರಿಗೆ ಮೂರು ಮೂರು ಹುಡುಗಿಯರಿದ್ದುದರಿಂದ ಊರಿನ ಹೆಸರು ಹಿಡಿದು ಕೂಗುವುದು ಆಗಲೇ ರೂಢಿಯಾಗಿತ್ತು, ಅಜ್ಜಿಯರಾಗುವ ಕಾಲ ಬಂದರೂ ಅದು ಹೋಗಿಲ್ಲ. ಹಿರಿಯೂರು ನಮಗೆಲ್ಲ ಎರಡು ವರ್ಷಕ್ಕೆ ದೊಡ್ಡವಳು, ಆದ್ದರಿಂದ ಖಜಾಂಚಿ. ಹೊಸದುರ್ಗ ಹೈಸ್ಕೂಲು ಟೀಚರು, ಆದ್ದರಿಂದ ಎಲ್ಲದಕ್ಕೂ ಕೆಂಪು ಇಂಕು. ಹೊಳಲ್ಕೆರೆ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಹೋದವಳು, ಮಾತು ಕಡಿಮೆ. ನಾನು ದುರ್ಗ.

ಈ ಆಸೆ ನನ್ನೊಳಗೆ ಹುಟ್ಟಿದ್ದು 2022ರಲ್ಲಿ. ಆ ಸೆಪ್ಟೆಂಬರಿನಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿತ್ತು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಈ ಅಣೆಕಟ್ಟು ಹಿಂದೆ ತುಂಬಿ ಹರಿದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷ! ನಮ್ಮ ಅಮ್ಮಂದಿರಲ್ಲಿ ಅನೇಕರು ಅದನ್ನು ನೋಡದೆಯೇ ಹೋದರು. ನಾವು ನಾಲ್ವರೂ ಹಿರಿಯೂರಿನ ಮನೆಯಲ್ಲಿ ಸೇರಿ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಮಾರಿಕಣಿವೆಗೆ ಹೋದೆವು. ಜಾತ್ರೆಯ ಜನ. ಎಲ್ಲರೂ ದಡದ ಮೇಲೆ ನಿಂತು ನೀರಿಗೆ ಕೈಮುಗಿಯುವವರೇ. ಹೊಸದುರ್ಗ ತನ್ನೂರಿನ ಹತ್ತಿರದ ಹಾಲುರಾಮೇಶ್ವರವನ್ನು ನೆನೆಸಿಕೊಂಡಳು. ಅಲ್ಲಿನ ಗಂಗೆಯ ಕೊಳದ ಮುಂದೆ ಬೇಡಿಕೊಂಡು ಕೂತರೆ ನೀರಿನೊಳಗಿಂದ ಬಳೆಯೋ ತೆಂಗಿನಕಾಯಿಯೋ ಪ್ರಸಾದವಾಗಿ ತೇಲಿ ಬರುತ್ತದೆಂದು ನಂಬಿಕೆ. ಆಗ ಹೊಳಲ್ಕೆರೆ, ಮಾತು ಕಡಿಮೆಯವಳು, “ನೀರು ಕೊಟ್ಟಿದ್ದನ್ನ ಇಸ್ಕೊಳ್ಳೋದೇ ಆಯ್ತು ಕಣೇ, ಒಳಗೇನಿದೆ ಅಂತ ಒಂದ್ಸಲನಾದ್ರೂ ನೋಡ್ಬೇಕು” ಎಂದಳು.

ಮುಂದಿನ ತಿಂಗಳೇ ಪುನೀತ್ ರಾಜಕುಮಾರ್ ಅವರ ‘ಗಂಧದ ಗುಡಿ’ ಬಂತು. ಅವರು ತೀರಿಹೋಗಿ ವರ್ಷ ತುಂಬುವ ಹೊತ್ತು, ಟಾಕೀಸಿನಲ್ಲಿ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದರಲ್ಲಿ ಅಪ್ಪು ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುತ್ತಾರೆ. ಕತ್ತಲಲ್ಲಿ ಹೊಳಲ್ಕೆರೆ ನನ್ನ ಕೈ ಅಮುಕಿದಳು. ಅಷ್ಟೇ.

ಹನ್ನೊಂದು ಜನ ಸೇರಿ ಸಮುದ್ರಕ್ಕೆ ಹೋಗುವುದೆಂದು ತೀರ್ಮಾನವಾದದ್ದು ಆಮೇಲೆ, ಬಹಳ ಆಮೇಲೆ. ಗೋಕರ್ಣ, ಗೋವಾ, ಮಲ್ಪೆ ಎಂದು ವಾದವಾಗಿ ಕಡೆಗೆ ಮುರ್ಡೇಶ್ವರ ಗೆದ್ದಿತು. ಗೆಲ್ಲುವ ಕಾರಣ ನಿಮಗೆ ಗೊತ್ತೇ ಇದೆ: ದೇವಸ್ಥಾನಕ್ಕೆ ಎಂದರೆ ಮನೆಯಲ್ಲಿ ಕೇಳುವ ಪ್ರಶ್ನೆ ಅರ್ಧಕ್ಕರ್ಧ ಕಡಿಮೆ. ಸರ್ಕಾರ 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲಂತೂ ಖಜಾಂಚಿ ಬಸ್ಸಿಗೇ ಹೋಗೋಣವೆಂದು ಹಟ ಹಿಡಿದಿದ್ದಳು. ಹನ್ನೊಂದು ಬ್ಯಾಗು, ಎರಡು ಡಬ್ಬಿ ಚಕ್ಕುಲಿ, ಮೂರು ಮಂಡಿನೋವು ಎಂದು ಪಟ್ಟಿ ಹಾಕಿ ತೋರಿಸಿದ ಮೇಲೆ ಟೆಂಪೋ ಟ್ರಾವೆಲರಿಗೆ ಒಪ್ಪಿದಳು.

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರು, ದೋಣಿಯಲ್ಲಿ ಒಂದೂವರೆ ಗಂಟೆ. ನಾನು ಬಾಯಿ ಬಿಟ್ಟೆ. “ನೀವೆಲ್ಲ ದಂಡೆಯಲ್ಲಿರುವಾಗ ಒಂದು ಬೆಳಗ್ಗೆ ನನಗೆ ಕೊಡಿ. ನಾನು ಸ್ಕೂಬಾ ಇಳಿದು ಬರ್ತೀನಿ.”

ಮೊದಲು ನಗು. ಆಮೇಲೆ ಮೌನ. ಮೌನಕ್ಕೆ ಕಾರಣವಿತ್ತು. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ಕಡೆಯ ವಸತಿಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಇದೇ ಮುರ್ಡೇಶ್ವರದ ದಂಡೆಯಲ್ಲಿ ಮುಳುಗಿ ತೀರಿಕೊಂಡರು. ನಮ್ಮ ಹಾಗೆಯೇ ಬಯಲುಸೀಮೆಯ ಮಕ್ಕಳು, ಸಮುದ್ರ ಕಂಡ ಸಂತೋಷಕ್ಕೆ ಇಳಿದವರು. ಹೊಸದುರ್ಗ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಟೀಚರು. ಆ ಸುದ್ದಿ ಓದಿದ ದಿನ ಊಟ ಮಾಡಿರಲಿಲ್ಲವಂತೆ. “ಮಂಡಿಯುದ್ದ ನೀರಲ್ಲೇ ಹಂಗಾಯ್ತು, ನೀನು ಆಳಕ್ಕೆ ಹೋಗ್ತೀನಿ ಅಂತೀಯಲ್ಲೇ” ಎಂದಳು.

ಆ ಮಾತಿಗೆ ನಾನು ನಕ್ಕು ಉತ್ತರ ಕೊಡುವ ಹಾಗಿರಲಿಲ್ಲ. ಆದ್ದರಿಂದ ಮೊದಲು ದಂಡೆಯದೇ ಕಟ್ಟಳೆ ಬರೆದೆವು. ಜೀವರಕ್ಷಕರು ನಿಂತಿರುವ ಕಡೆ ಬಿಟ್ಟು ಬೇರೆಲ್ಲೂ ನೀರಿಗೆ ಕಾಲಿಡಬಾರದು. ಮಂಡಿ ದಾಟಬಾರದು. ಸಂಜೆಗತ್ತಲೆಯಲ್ಲಿ ಇಲ್ಲ. ಫೋಟೋಕ್ಕೆಂದು ಬೆನ್ನು ತಿರುಗಿಸಿ ನಿಲ್ಲಬಾರದು. ಸೆಳೆತಕ್ಕೆ ಸಿಕ್ಕಿದರೆ ಎದುರು ಈಜಿ ಸುಸ್ತಾಗುವುದಕ್ಕಿಂತ ತೇಲುತ್ತ ಕೈಯೆತ್ತಿ ಕೂಗುವುದು ಮೇಲು ಎಂದು ಓದಿ ಹೇಳಿದೆ. ಯಾರೂ ಕಾಯುವವರಿಲ್ಲದೆ ದಂಡೆಯಲ್ಲಿ ಇಳಿಯುವುದಕ್ಕೂ, ಕಲಿಸುವವನೊಬ್ಬ ಮೈಗೆ ಅಂಟಿಕೊಂಡೇ ಇರುವಾಗ ಡೈವ್ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಹೊಸದುರ್ಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ತಿಳಿದುಕೊಂಡಳು. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಈಜು ಬಾರದವರೂ ಇಳಿಯಬಹುದು. ಬೆನ್ನ ಮೇಲಿನ ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೂ ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ.

ಇನ್ನು ತಿಂಗಳು. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಇಲ್ಲ. ಅಕ್ಟೋಬರಿನಿಂದ ಮೇ ತನಕ ಎಂದು ಇಟ್ಟುಕೊಳ್ಳಿ. ಅದರಲ್ಲಿ ವರ್ಷದ ಕೊನೆಯ ತಿಂಗಳುಗಳು ಹೊಳಲ್ಕೆರೆಗೆ ಅಡಿಕೆ ಸುಗ್ಗಿ. ಮಾರ್ಚಿನಲ್ಲಿ ಹೊಸದುರ್ಗಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದೇ ಹೊತ್ತಿಗೆ ನಾಯಕನಹಟ್ಟಿ ಜಾತ್ರೆಗೆ ಇಬ್ಬರ ಮನೆಯಲ್ಲಿ ನೆಂಟರು. ಬೇಸಿಗೆ ರಜಕ್ಕೆ ಮೊಮ್ಮಕ್ಕಳು. ಜರಡಿ ಹಿಡಿದಾಗ ಫೆಬ್ರವರಿಯ ಮೂರು ದಿನ ಉಳಿಯಿತು.

ಆ ಮೂರು ದಿನಕ್ಕೆ ಹಿರಿಯೂರು ಹಾಕಿದ ಲೆಕ್ಕ ಹೀಗಿತ್ತು: ಮೊದಲ ದಿನ ಹೊಳಲ್ಕೆರೆ, ಶಿವಮೊಗ್ಗ, ಸಾಗರದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಸಂಜೆಗೆ ಮುರ್ಡೇಶ್ವರ. ಎರಡನೆಯ ದಿನ ದೇವರು, ಇಡಗುಂಜಿ. ಮೂರನೆಯ ದಿನ ಬೆಳಗ್ಗೆ ‘ದುರ್ಗದ ಹುಚ್ಚು’, ಮಧ್ಯಾಹ್ನ ಊಟ ಮಾಡಿ ಹೊರಟರೆ ರಾತ್ರಿ ಮನೆ. ನೋಡಿದರೆ ಯಾರಿಗೂ ತೊಂದರೆಯಿಲ್ಲದ ಪಟ್ಟಿ. ನಮ್ಮ ಮನೆಗಳಲ್ಲಿ ಹೆಂಗಸರ ಆಸೆಗೆ ಸಿಗುವ ಜಾಗವೂ ಅದೇ ತಾನೇ? ಎಲ್ಲರ ಊಟವಾದ ಮೇಲೆ, ಎಲ್ಲ ಕೆಲಸ ಮುಗಿದ ಮೇಲೆ, ಸಮಯ ಉಳಿದರೆ.

ಆದರೆ ಇಲ್ಲಿ ಕೊನೆಗೆ ಇಡುವ ಹಾಗೇ ಇರಲಿಲ್ಲ. ಯಾಕೆಂದರೆ ನೀರಿನಾಳದಲ್ಲಿ ಒತ್ತಡ ಹೆಚ್ಚಿರುವುದರಿಂದ ಉಸಿರಿನ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು, ಅದು ಕೀಲಿಗೂ ನರಕ್ಕೂ ಅಪಾಯ. ಅದಕ್ಕೇ ಡೈವ್ ಮಾಡಿದವರು ಕೂಡಲೇ ವಿಮಾನ ಹತ್ತಬಾರದು. ಒಂದು ಡೈವಾದರೆ 12 ಗಂಟೆ, ಹೆಚ್ಚಾದರೆ 18 ಗಂಟೆ ಕಾಯಬೇಕು ಎನ್ನುವುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸಲಹೆ. ವಿಮಾನಕ್ಕೆ ಹೇಳಿದ್ದು ಎತ್ತರದ ಊರಿಗೂ ಸಲ್ಲುತ್ತದೆ. ನಾವು ಬರುವುದು ಘಟ್ಟ ಹತ್ತಿ. ನಮ್ಮ ದುರ್ಗ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲಿದೆ.

ಇದನ್ನೆಲ್ಲ ಹೇಳಿ ನಾನು ಡೈವನ್ನು ಎರಡನೆಯ ದಿನಕ್ಕೆ ತಂದೆ. ದೇವರು, ಇಡಗುಂಜಿ ಮೂರನೆಯ ದಿನದ ಬೆಳಗ್ಗೆ. ಹೊರಡುವುದು ಮಧ್ಯಾಹ್ನ, ಆ ಹೊತ್ತಿಗೆ ಒಂದು ದಿನ ಕಳೆದಿರುತ್ತದೆ. “ದೇವರನ್ನ ಹಿಂದಕ್ಕೆ ಹಾಕ್ತೀಯೇನೇ?” ಎಂದು ಹಿರಿಯೂರು ಕೇಳಿದಳು. “ದೇವರು ಕಾಯ್ತಾನೆ, ರಕ್ತ ಕಾಯಲ್ಲ” ಎಂದಳು ಹೊಸದುರ್ಗ. ಅವಳು ನನ್ನ ಪಕ್ಷಕ್ಕೆ ಬಂದದ್ದು ಆಗ. ದುಡ್ಡಿನ ಮಾತನ್ನೂ ಅಲ್ಲೇ ಮುಗಿಸಿದೆವು: ಡೈವಿನ ಸಾವಿರಗಳು ನನ್ನ ಚೀಟಿ ದುಡ್ಡಿನಿಂದ, ಗುಂಪಿನ ಲೆಕ್ಕಕ್ಕಲ್ಲ. ನಾನು ಬರುವವರೆಗೆ ಯಾರೂ ಊಟಕ್ಕೆ ಕಾಯುವಂತಿಲ್ಲ. ಕಾದು ಕೂತರೆ ಅದು ಪ್ರೀತಿ ಎಂದೇ ಇಟ್ಟುಕೊಳ್ಳೋಣ, ಆದರೆ ಮುಂದಿನ ಸಲ ಕೇಳುವ ಬಾಯಿ ಕಟ್ಟಿಹೋಗುತ್ತದೆ.

ಆಗ ಹೊಳಲ್ಕೆರೆ ಮೆಲ್ಲಗೆ, “ನಾನೂ ಬರ್ಲೇನೇ?” ಎಂದಳು.

ಡೈವಿಗೆ ಮೊದಲು ಆರೋಗ್ಯದ ಫಾರಂ ತುಂಬಬೇಕು. ಹೃದಯದ ತೊಂದರೆ, ಬೀಪಿ, ಮೂರ್ಛೆರೋಗ, ಕಿವಿಯ ಆಪರೇಷನ್, ಉಬ್ಬಸ ಎಂದು ಸಾಲು ಪ್ರಶ್ನೆಗಳು. ಉಬ್ಬಸದ ಸಾಲಿಗೆ ಬಂದಾಗ ಅವಳ ಪೆನ್ನು ನಿಂತಿತು. ಅವಳಿಗೆ ಉಬ್ಬಸವಿದೆ. ಅಡಿಕೆ ಸುಲಿಯುವ ದಿನಗಳಲ್ಲಿ ಧೂಳಿಗೆ ಹೆಚ್ಚಾಗುತ್ತದೆ, ಬ್ಯಾಗಿನಲ್ಲಿ ಇನ್‌ಹೇಲರ್ ಯಾವಾಗಲೂ ಇರುತ್ತದೆ. “ಇಲ್ಲ ಅಂತ ಬರೆದ್ರೆ ಯಾರಿಗೆ ಗೊತ್ತಾಗುತ್ತೆ?” ಎಂದಳು. “ನಿನ್ನ ಎದೆಗೆ ಗೊತ್ತಾಗುತ್ತಲ್ಲೇ” ಎಂದೆ. ನಾನು ಓದಿ ತಿಳಿದಿದ್ದನ್ನು ಅವಳಿಗೂ ಹೇಳಿದೆ. ಹತ್ತು ಮೀಟರ್ ನೀರಿನ ಕೆಳಗೆ ಒತ್ತಡ ದಡದ ಎರಡರಷ್ಟು. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರಬರುತ್ತ ಎರಡರಷ್ಟು ಹಿಗ್ಗುತ್ತದೆ. ಅದಕ್ಕೇ ನೀರೊಳಗೆ ಉಸಿರು ಹಿಡಿಯಬಾರದು ಎನ್ನುವುದು ಮೊದಲ ಪಾಠ. ಉಬ್ಬಸದವರ ಶ್ವಾಸನಾಳ ಬಿಗಿದುಕೊಂಡರೆ ಗಾಳಿ ಒಳಗೇ ಸಿಕ್ಕಿಹಾಕಿಕೊಂಡು, ಹಿಗ್ಗಿ, ಶ್ವಾಸಕೋಶವನ್ನೇ ಹರಿದೀತು.

ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ನನಗೆ ಬೀಪಿ, ಕಿವಿ, ಎದೆ ನೋಡಿ ಆಗಬಹುದೆಂದು ಬರೆದುಕೊಟ್ಟರು. ಅವಳಿಗೆ ಊದಿಸಿ ನೋಡಿ, ಬೇಡವೇ ಬೇಡ ಎಂದರು. ನೀರು ಶಾಂತವಾಗಿದ್ದರೆ ಲೈಫ್ ಜಾಕೆಟ್ ಹಾಕಿಕೊಂಡು, ದೋಣಿ ಹಿಡಿದುಕೊಂಡು ಮುಖ ಮುಳುಗಿಸಿ ನೋಡಬಹುದು, ಅಷ್ಟೇ.

ಬಸ್ ಸ್ಟ್ಯಾಂಡಿನವರೆಗೂ ಅವಳು ಮಾತಾಡಲಿಲ್ಲ. ನನಗೆ ಗಂಟಲು ಕಟ್ಟಿ, “ಹೋಗ್ಲಿ ಬಿಡೇ, ನಾನೂ ಇಳಿಯಲ್ಲ” ಎಂದೆ. ನಮಗೆಲ್ಲ ಹೇಳಿಕೊಡದೆ ಬರುವ ವಿದ್ಯೆಯಿದು. ಅಕ್ಕನಿಗೆ ಸೀರೆಯಿಲ್ಲದಿದ್ದರೆ ತಂಗಿಗೂ ಬೇಡ, ಮಗಳಿಗೆ ಜ್ವರವೆಂದರೆ ತಾಯಿಗೆ ಹಬ್ಬದೂಟ ಬೇಡ. ಅವಳು ನಿಂತು ನನ್ನನ್ನೇ ನೋಡಿದಳು. “ನೀನು ಬಿಟ್ರೆ ನನಗೇನೇ ಸಿಗುತ್ತೆ? ಹೋಗಿ ನೋಡ್ಕೊಂಡು ಬಂದು ಎಲ್ಲ ಹೇಳು. ಒಂದೂ ಬಿಡಬಾರದು.” ಹೊಳಲ್ಕೆರೆ ಬಸ್ಸು ಬಂತು, ಹತ್ತಿಕೊಂಡು ಹೋದಳು.

ಮನೆಯಲ್ಲಿ ಮಗ, “ಈ ವಯಸ್ಸಲ್ಲಿ ಯಾಕಮ್ಮ?” ಎಂದ. ನಾನು ಅವನಿಗೆ ಕೊರಿಯಾದ ಜೇಜು ದ್ವೀಪದ ಹೆನ್ಯೋ ಹೆಂಗಸರ ಚಿತ್ರ ತೋರಿಸಿದೆ. ಸಿಲಿಂಡರೂ ಇಲ್ಲದೆ, ಒಂದೇ ಉಸಿರಿಗೆ ಮುಳುಗಿ ಚಿಪ್ಪುಜೀವಿಗಳನ್ನೂ ಸಮುದ್ರದ ಸೊಪ್ಪನ್ನೂ ಕಿತ್ತು ತಂದು ಸಂಸಾರ ಸಾಕುವವರು. ಅರವತ್ತು ಎಪ್ಪತ್ತು ದಾಟಿದವರೇ ಅವರಲ್ಲಿ ಹೆಚ್ಚು. ಯುನೆಸ್ಕೋ 2016ರಲ್ಲಿ ಅವರ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿತು. ಅವರು ಗುಂಪಾಗಿಯೇ ನೀರಿಗೆ ಹೋಗುತ್ತಾರೆ, ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಾರೆ. ಮಗ ನೋಡಿ, “ಸರಿ, ವಿಡಿಯೋ ತೆಗೆಸ್ಕೊಂಡು ಬಾ” ಎಂದ.

ಗೇರುಸೊಪ್ಪೆ ಘಟ್ಟ ಇಳಿಯುವಾಗ ಎಲ್ಲರಿಗೂ ಕಿವಿ ಗುಂಯ್ ಎಂದಿತು. ನಾನು ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದುವುದನ್ನು ತೋರಿಸಿದೆ. ನೀರಿಗಿಳಿಯುವಾಗಲೂ ಹೀಗೆಯೇ ಮಾಡಬೇಕು, ಕಿವಿ ನೋಯುವುದಕ್ಕೆ ಮೊದಲೇ. ಇಡೀ ಘಟ್ಟ ಇಳಿದರೂ ಹೆಚ್ಚುವ ಒತ್ತಡ ಒಂದು ಮೀಟರ್ ನೀರಿನಷ್ಟೂ ಆಗುವುದಿಲ್ಲ ಎಂದಾಗ ಯಾರೂ ನಂಬಲಿಲ್ಲ. ಹನ್ನೊಂದು ಹೆಂಗಸರು ಮೂಗು ಹಿಡಿದು ಕೂತದ್ದನ್ನು ಡ್ರೈವರು ಕನ್ನಡಿಯಲ್ಲಿ ನೋಡಿ ಗಾಡಿ ನಿಧಾನ ಮಾಡಿದ.

ಮರುದಿನ ಬೆಳಗ್ಗೆ ನನ್ನ ಕರಿಮಣಿ, ಬಳೆ, ಓಲೆ ಎಲ್ಲವನ್ನೂ ಹಿರಿಯೂರು ತನ್ನ ಪರ್ಸಿಗೆ ಹಾಕಿಕೊಂಡಳು. ದೋಣಿಗೆ ನನ್ನ ಜೊತೆ ಹೊಳಲ್ಕೆರೆ ಬಂದಳು. ಕಲಿಸುವ ಹುಡುಗ ನನ್ನ ಮಗನ ವಯಸ್ಸಿನವನು. “ಆಂಟಿ, ಹೆಬ್ಬೆರಳು ಎತ್ತಿದ್ರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗ್ಬೇಕು ಅಂತ. ಚೆನ್ನಾಗಿದ್ರೆ ಹೀಗೆ” ಎಂದು ಬೆರಳಲ್ಲಿ ಸೊನ್ನೆ ಮಾಡಿ ತೋರಿಸಿದ. ದಿನಕ್ಕೆ ನೂರು ಸಲ ವಾಟ್ಸಾಪಿನಲ್ಲಿ ಹೆಬ್ಬೆರಳು ಕಳಿಸುವ ನಮ್ಮಂಥವರಿಗೆ ಇದೇ ಕಷ್ಟದ ಪಾಠ.

ಇಳಿದೆ. ಮೊದಲ ಎರಡು ನಿಮಿಷ ಎದೆ ಡವಡವ. ಬಾಯಲ್ಲಿ ಉಸಿರಾಡುವುದು ಮೈಗೆ ಹೊಸದು. ಹುಡುಗ ನನ್ನ ಕಣ್ಣನ್ನೇ ನೋಡುತ್ತ ಕಾದ. ಕಿವಿ ಊದಿದೆ, ಸೊನ್ನೆ ಮಾಡಿದೆ, ಇನ್ನಷ್ಟು ಇಳಿದೆವು. ಬಂಡೆಗಳು, ಬಂಡೆಯ ಸಂದಿನಲ್ಲಿ ಹವಳ. ನಮ್ಮ ಕೋಟೆಯ ಬಂಡೆಗಳೇ ನೀರಲ್ಲಿ ಮುಳುಗಿದ ಹಾಗೆ. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಶಾಲೆ ಬಿಟ್ಟ ಮಕ್ಕಳಂತೆ ಒಂದೇ ಸಲ ತಿರುಗಿದವು. ಹಸಿರು ನೀಲಿಯ ಗಿಳಿಮೀನೊಂದು ಬಂಡೆ ಕೆರೆದು ತಿನ್ನುವ ಸದ್ದು ಕೂಡ ಕೇಳಿಸಿತು. ಅದು ಬಿಟ್ಟರೆ ನನ್ನ ಉಸಿರಿನದೇ ಸದ್ದು. ಅಷ್ಟು ಹೊತ್ತು ಯಾರೂ ನನ್ನನ್ನು ಕರೆಯಲಿಲ್ಲ.

ಮೇಲೆ ಬಂದಾಗ ಹೊಳಲ್ಕೆರೆ ದೋಣಿಯ ಏಣಿ ಹಿಡಿದು ನೀರಲ್ಲಿದ್ದಳು, ಮಾಸ್ಕ್ ಹಣೆಯ ಮೇಲಿತ್ತು. ನಾನು ಹೇಳಲು ಶುರುಮಾಡುವ ಮೊದಲೇ ಅವಳೇ ಹೇಳಿದಳು: “ಮುಖ ಮುಳುಗಿಸ್ಕೊಂಡೇ ಇದ್ದೆ ಕಣೇ. ನೀನು ಕಾಣ್ಲಿಲ್ಲ. ನಿನ್ನ ಉಸಿರು ಗುಳ್ಳೆ ಗುಳ್ಳೆಯಾಗಿ ಬಂದು ನನ್ನ ಕೆನ್ನೆಗೆ ತಾಗ್ತಿತ್ತು. ನಿಲ್ಲಲಿಲ್ಲವಲ್ಲ, ಸದ್ಯ ಅಂತ ಎಣಿಸ್ತಾ ಇದ್ದೆ.”

ಸಂಜೆ ಉಳಿದವರು ರಾಜಗೋಪುರದ ಲಿಫ್ಟಿಗೆ ಹೊರಟರು. ಇಪ್ಪತ್ತು ಅಂತಸ್ತಿನ, 237 ಅಡಿಯ ಗೋಪುರ. ನಾನೂ ಎದ್ದೆ. ಹಿರಿಯೂರು ಕೈ ಅಡ್ಡ ಹಿಡಿದಳು. “ಮೇಲೆ ಹತ್ತಬಾರದು ಅಂತ ನೀನೇ ಹೇಳಿದ್ದಲ್ಲವಾ? ಕೂತ್ಕೋ.” ಅಷ್ಟು ಎತ್ತರ ಲೆಕ್ಕಕ್ಕೇ ಇಲ್ಲವೆಂದರೂ ಕೇಳಲಿಲ್ಲ. ಮರಳಿನ ಮೇಲೆ ಕೂರಿಸಿ, ಎಳನೀರು ತರಿಸಿ ಕೈಗಿಟ್ಟು, ಕಾವಲಿಗೆ ತಾನೂ ಕೂತಳು. ಹೊಳಲ್ಕೆರೆ ಕೂತಳು. ಆಮೇಲೆ ಒಬ್ಬೊಬ್ಬರೇ ಬಂದು ಕೂತರು. ಒಲೆ, ಹಾಲು, ನೆಂಟರು, ಯಾವುದೂ ಇಲ್ಲದೆ ಒಬ್ಬಳ ರಕ್ತ ತಿಳಿಯಾಗಲೆಂದು ಹನ್ನೊಂದು ಜನ ಸುಮ್ಮನೆ ಕೂತಿದ್ದೆವು. ಗಂಟೆಗೊಮ್ಮೆ ಹಿರಿಯೂರು “ಇಳೀತೇನೇ?” ಎಂದು ಕೇಳುತ್ತಿದ್ದಳು. ನಾನು ಕಂಡದ್ದನ್ನು ಒಂದೂ ಬಿಡದೆ ಹೇಳುತ್ತಿದ್ದೆ.

ಮರುದಿನ ಮಧ್ಯಾಹ್ನ ಘಟ್ಟ ಹತ್ತುವಾಗ ಹೊಸದುರ್ಗ ಪಕ್ಕಕ್ಕೆ ಬಂದು ಕೂತಳು. “ಆ ಆರೋಗ್ಯದ ಫಾರಂ ಇನ್ನೊಂದಿದೆಯೇನೇ?” ಎಂದಳು. ಯಾರಿಗೂ ಕೇಳಿಸದಂತೆ ಹೇಳಿದ್ದಳು, ಆದರೆ ಹಿರಿಯೂರಿನ ಕಿವಿ ಚುರುಕು. ಲೆಕ್ಕದ ಪುಸ್ತಕ ತೆಗೆದು ಮುಂದಿನ ಫೆಬ್ರವರಿಯ ಪುಟದಲ್ಲಿ ಎರಡನೆಯ ದಿನದ ಮುಂದೆ ಬರೆದಳು: ಹೊಸದುರ್ಗ, ನೀರಿಗೆ. ಸ್ವಂತ ಖರ್ಚು.